ಆಡಿನಿಂದ ಬಂದ ಜ್ವರ

"ಅಲ್ಲೇ ನಿಂತ್ಕೊ ಅಕ್ಕ, ಒಳೀಕೆ ಬರ್ಬ್ಯಾಡ," ಎಂದು ಚಿಕ್ಕಮಾದಪ್ಪ ಕೊಟ್ಟಿಗೆಯ ಬಾಗಿಲಿಗೆ ಕೈ ಅಡ್ಡ ಇಟ್ಟ. ಒಳಗೆ ಅವನ ಆಡು ನೋವು ತಿನ್ನುತ್ತ ಅರಚುತ್ತಿತ್ತು. ಮರಿಯ ಒಂದೇ ಕಾಲು ಹೊರಬಂದು ಗಂಟೆಯಾಗಿತ್ತು.

ಹನೂರು ಕಡೆಯ ಆ ಊರಲ್ಲಿ ಯಾರ ಆಡು ಈಯಲಿ, ಇಪ್ಪತ್ತು ವರ್ಷದಿಂದ ಕರೆ ಬರುತ್ತಿದ್ದದ್ದು ಪುಟ್ಟಮಲ್ಲಮ್ಮನಿಗೇ. ಉಸಿರಾಡದ ಮರಿಯ ಮೂಗಿಗೆ ಬಾಯಿಟ್ಟು, ಲೋಳೆ ಹೀರಿ ಉಗಿದು, ಊದಿ ಬದುಕಿಸುವ ಗಟ್ಟಿಗಿತ್ತಿ ಅವಳು. ಎರಡು ತಿಂಗಳ ಹಿಂದೆ ನಾಲ್ಕು ಆಡು ದಿನ ತುಂಬುವ ಮುಂಚೆಯೇ ಕಂದು ಹಾಕಿದಾಗಲೂ ಬರಿಗೈಯಲ್ಲೇ ಬಾಚಿ ತೆಗೆದಿದ್ದಳು. ಆಮೇಲೆ ಹಿಡಿಯಿತು ನೋಡಿ ಜ್ವರ, ಕೆಮ್ಮು, ಎದೆನೋವು. ಊರು ಟೀಬಿ ಎಂದು ತೀರ್ಪು ಕೊಟ್ಟಿತು. ಕೊಳ್ಳೇಗಾಲದ ಡಾಕ್ಟರೊಬ್ಬರೇ, "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದ್ದು. ರಕ್ತ ಪರೀಕ್ಷೆ ಮಾಡಿಸಿ, ಆಡು ಈದಾಗ ಬೀಳುವ ಮಾಸಿನಲ್ಲಿರುವ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮಾತ್ರೆ ಕೊಟ್ಟು, ಇನ್ನು ಮರಿಗೆ ಬಾಯಿಡಬೇಡ, ಗ್ಲೌಸಿಲ್ಲದೆ ಮುಟ್ಟಬೇಡ ಎಂದು ಗದರಿದರು. ಜ್ವರವೇನೋ ಬಿಟ್ಟಿತು, ಊರಿನವರ ಬಾಯಿ ನಿಲ್ಲಬೇಕಲ್ಲ! ಇವತ್ತು ಯಾರೂ ಕರೆಯದಿದ್ದರೂ ಆಡಿನ ಕೂಗು ಕೇಳಿ, ಮಾಸ್ಕು ಗ್ಲೌಸು ಹಿಡಿದು ಅವಳೇ ಬಂದಿದ್ದಳು.

"ನಿನ್ ಕಾಯ್ಲೆ ನಮ್ಮಾಡಿಗೆ ಅಂಟ್ಬುಟ್ರೆ?" ಎಂದ ಚಿಕ್ಕಮಾದಪ್ಪ.

ಪುಟ್ಟಮಲ್ಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಲೇ, ನಿಮ್ಮಾಡಿನ್ ಕಾಯ್ಲೆ ಕಣ್ಲಾ ನಂಗ್ ಅಂಟಿದ್ದು! ಮಲಗಿದ್ದಾಗ ಒಬ್ರಾದ್ರೂ ಬಂದು ಗಂಜಿ ಕೊಟ್ರಾ? ಸರಿ ಅತ್ಲಾಗೆ! ನಿನ್ನೆಂಡ್ರು ಬಸ್ರಿ, ಈ ಕಾಯ್ಲೆ ಒಟ್ಟೇಲಿರೋ ಕೂಸ್ಗೂ ಅಪಾಯ, ಈ ಕಡೀಕೆ ತಲೆ ಆಕ್ಬಾರ್ದು ಅಂತ ಯೋಳೋಗು."

ಅವನ ಕೈ ತಳ್ಳಿ ಒಳನುಗ್ಗಿದಳು. ಮಾಸ್ಕು ಕಟ್ಟಿ, ಗ್ಲೌಸು ಏರಿಸಿ, ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಹುಡುಕಿ ನೇರ ಮಾಡಿ ಎಳೆದಳು. ಮರಿ ಜಾರಿ ಬಿತ್ತು. ಉಸಿರಿಲ್ಲ.

"ಊದಕ್ಕ! ಬಾಯಿಟ್ ಊದು, ನಿನ್ ದಮ್ಮಯ್ಯ!" ಬಾಗಿಲಲ್ಲಿ ಚಿಕ್ಕಮಾದಪ್ಪ ಗೋಗರೆದ.

ಅಭ್ಯಾಸಬಲ, ಅವಳ ಕೈ ಮಾಸ್ಕಿನತ್ತ ಹೋಯಿತು. ಎಷ್ಟು ಮರಿ ಬದುಕಿಸಿದ ಬಾಯಿ ಅದು! ಕೈ ಹಿಂದಕ್ಕೆ ತೆಗೆದುಕೊಂಡಳು.

"ಊದಾಕಿಲ್ಲ. ನಾನೂ ಬದುಕ್ಬೇಕು ಕಣ್ಲಾ."

ಮರಿಯ ಹಿಂಗಾಲು ಹಿಡಿದೆತ್ತಿ ತಲೆಕೆಳಗಾಗಿ ತೂಗಿದಳು. ಒಣಹುಲ್ಲಿನಿಂದ ಪಕ್ಕೆ ತಿಕ್ಕಿದಳು. ಮತ್ತೆ ತೂಗಿದಳು, ಮತ್ತೆ ತಿಕ್ಕಿದಳು. ಲೋಳೆ ಇಳಿಯಿತು. ಮರಿ ಸೀನಿತು.

"ಮಾಸು ನಾಯಿಗೆ ಎಸೀಬ್ಯಾಡ. ಮೂಗಿಗೆ ಬಟ್ಟೆ ಕಟ್ಕೊಂಡು ಗುಂಡಿ ತೋಡು," ಎಂದಳು.

ಸೋಪು ಹಾಕಿ ಕೈ ತೊಳೆದು, ಅವನ ಜಗಲಿಯ ನಟ್ಟನಡುವೆ ಕಾಲು ಚಾಚಿ ಕುಳಿತಳು. ಬೀದಿಯಲ್ಲಿ ಹೋಗುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವಳು ಅವರ ಮೇಲೆ ನೆಟ್ಟ ನೋಟ ತೆಗೆಯಲಿಲ್ಲ. ಬೇಲಿಯ ಬಳಿ ಮೊಣಕಾಲುದ್ದ ಗುಂಡಿಯಲ್ಲಿ ನಿಂತ ಚಿಕ್ಕಮಾದಪ್ಪ ಬೆವರು ಒರೆಸಿಕೊಂಡು ತಲೆಯೆತ್ತಿದ.

"ಸಾಕಾ ಅಕ್ಕ?"

"ಇನ್ನೊಂದು ಮೊಳ ತೋಡು."