ಸೋದರಮಾವನ ಪಿ.ಆರ್.

ಕೆನಡಾದಿಂದ ಮಗಳು ರಜೆಗೆ ಬಂದ ಮೇಲೆ ಹುಕ್ಕೇರಿಯ ದಾಕ್ಷಾಯಿಣಿಗೆ ಒಲೆಯ ಮುಂದಿನಿಂದ ಏಳುವ ಮನಸ್ಸೇ ಆಗುತ್ತಿರಲಿಲ್ಲ. ಅವಳು ಬಿಸಿ ರೊಟ್ಟಿ ಬಡಿದು ಹಾಕುವಳು. ಅರ್ಚನಾ ಪಕ್ಕದಲ್ಲೇ ಮಣೆ ಹಾಕಿಕೊಂಡು ಶೇಂಗಾ ಚಟ್ನಿ, ಗಟ್ಟಿ ಮೊಸರು ಹಚ್ಚಿಕೊಂಡು ತಿನ್ನುವಳು. ಗೋಕಾಕದಲ್ಲಿ ನರ್ಸಿಂಗ್ ಓದಿ, ಆಸ್ಪತ್ರೆಯೊಂದರಲ್ಲಿ ದುಡಿದು, ತನ್ನ ಬಲದ ಮೇಲೆಯೇ ಪರದೇಶ ಕಂಡ ಹುಡುಗಿ. ಈಗ ಅಲ್ಲಿ ಕಾಯಮ್ಮಾಗಿ ನೆಲೆಸುವ ಪರವಾನಗಿಯೂ ಸಿಕ್ಕಿತ್ತು. ಊರವರು ಬಾಯಿತುಂಬ ಹೇಳುವ ಪಿ.ಆರ್. ಎಂದರೆ ಅದೇ.

ಆ ಸುದ್ದಿ ದಾಕ್ಷಾಯಿಣಿಯ ತವರಾದ ಕಲ್ಲೋಳಿಗೂ ಮುಟ್ಟಿತು. ಒಂದು ಮುಂಜಾನೆ ತಾಯಿ ಮುದಕವ್ವ ಮತ್ತು ತಮ್ಮ ಬಾಳೇಶ ಕಾರು ಮಾಡಿಕೊಂಡು ಬಂದಿಳಿದರು. ಮುದಕವ್ವನ ಉಡಿಯಲ್ಲಿ ತೆಂಗಿನಕಾಯಿ, ಕೈಯಲ್ಲಿ ಇಳಕಲ್ ಸೀರೆ.

“ಏನಬೇ ಇದು? ಹಬ್ಬಿಲ್ಲ, ಹುಣ್ಣಿವಿಲ್ಲ” ಎಂದಳು ದಾಕ್ಷಾಯಿಣಿ.

“ನನ್ನ ಮೊಮ್ಮಗಳನ್ನ ನನ್ನ ಮನಿಗೇ ಕೇಳಾಕ ಬಂದೇನಿ. ಸ್ವಾದರಮಾವ ಇರೂಮುಂದ ಹೊರಗಿನವರಿಗೆ ಯಾಕ ಕೊಡೂದು? ಮೊದಲನೇ ಹಕ್ಕು ನಮ್ದು.”

ನಾಲ್ಕು ವರ್ಷದ ಹಿಂದೆಯೂ ಮುದಕವ್ವ ಇದೇ ಮಾತು ತೆಗೆದಿದ್ದಳು. ಆಗ ಮೂಡಲಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಬಾಳೇಶನೇ ಮೂಗು ಮುರಿದಿದ್ದ. ಕಂಡಕಂಡವರ ಮೈ ಮುಟ್ಟುವ ನರ್ಸು ತನಗೆ ಬೇಡವೆಂದಿದ್ದ. ಈಗ ಅವನೇ ಚಾಪೆಯ ತುದಿಗೆ ಜರುಗಿ ಕೂತು ವಿವರಿಸತೊಡಗಿದ.

“ಬೆಳಗಾವ್ಯಾಗ ಏಜೆಂಟನ್ನ ಕೇಳೇನಿ ಅಕ್ಕಾ. ಹೇಂತಿ ಸ್ಪಾನ್ಸರ್ ಮಾಡಿದ್ರ ಗಂಡಗೂ ಪಿ.ಆರ್. ಆಗತೈತಿ. ಇಕಿ ತಿರುಗಿ ಹೋಗೂದ್ರಾಗ ರಜಿಸ್ಟರ್ ಮಾಡೂಣು. ಇಬ್ಬರೂ ಪ್ರೀತಿಲೇ ಇದ್ದಂಗ ಒಂದಿಷ್ಟು ಫೋಟೋ ಬೇಕಂತ. ಗೋಕಾಕ ಫಾಲ್ಸಿಗೆ ಹೋಗಿ ಹೊಡಸೂಣು.”

ಅರ್ಚನಾ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಅವನು ಮಾತಾಡುತ್ತಿದ್ದದ್ದು ಅಕ್ಕನ ಜೊತೆ. ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ.

ಓದು ಬಂದ ಮೇಲೆ ನಮ್ಮ ಸೀಮೆಯಲ್ಲಿ ರಕ್ತಸಂಬಂಧದ ಮದುವೆಗಳು ತುಸು ತುಸುವೇ ಕಡಿಮೆಯಾಗುತ್ತಿದ್ದವು. ಸಾಯಲು ಬಿದ್ದ ರೂಢಿಗೆ ಪರದೇಶದ ಆಸೆ ಹೀಗೆ ನೀರೆರೆದು ಎಬ್ಬಿಸೀತೆಂದು ಯಾರು ಎಣಿಸಿದ್ದರು!

ದಾಕ್ಷಾಯಿಣಿ ಒಲ್ಲೆ ಎನ್ನಲಿಲ್ಲ. ಬಾಳೇಶ ಅವಳ ಕಂಕುಳಲ್ಲಿ ಬೆಳೆದ ತಮ್ಮ. ಗಂಡ ರಾಚಪ್ಪ ತೀರಿಕೊಂಡ ಮೇಲೆ ಅವಳ ಪಾಲಿಗೆ ತವರೊಂದೇ ಉಳಿದಿತ್ತು. “ರವಿವಾರ ಕಲ್ಲೋಳಿಗೆ ಬರತೇವಿ, ಹಿರ್‍ಯಾರ ಮುಂದ ಮಾತಾಡೂಣು” ಎಂದು ಕಳಿಸಿದಳು.

ಆ ರಾಚಪ್ಪನಾದರೂ ಯಾರು? ಮುದಕವ್ವನ ಒಡಹುಟ್ಟಿದ ತಮ್ಮ, ದಾಕ್ಷಾಯಿಣಿಗೆ ಸ್ವಂತ ಸೋದರಮಾವ. ಹದಿನಾರಕ್ಕೇ ಅವಳನ್ನು ಅವನಿಗೆ ಕಟ್ಟಿದ್ದರು. ಆಗಲೂ ಇದೇ ಹಕ್ಕಿನ ಮಾತು. ಚೊಚ್ಚಲ ಮಗ ಭೀಮೇಶನಿಗೆ ಕಿವಿ ಕೇಳಿಸಲಿಲ್ಲ, ಕಾಲು ಊರಲಿಲ್ಲ. ಗೋಕಾಕದ ಡಾಕ್ಟರು, “ರಕ್ತ ಭಾಳ ಹತ್ತಿರ ಆಗೇತ್ರಿ, ಇಂಥ ಮದುವ್ಯಾಗ ಹಿಂಗಾಗೂ ಸಂಭವ ಜಾಸ್ತಿ” ಎಂದಿದ್ದರು. ಕಲ್ಲೋಳಿಯವರು ಅದನ್ನು ನಂಬದೆ ಹುಡುಗನನ್ನು ದೇವರಿಂದ ದೇವರಿಗೆ ಹೊತ್ತು ತಿರುಗಿಸಿದರು. ಏಳರ ವಯಸ್ಸಿಗೆ ಕೂಸು ಜ್ವರದಲ್ಲಿ ಕಣ್ಣು ಮುಚ್ಚಿತು. ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನೇ ಯಾರೂ ಎತ್ತಲಿಲ್ಲ.

ಅಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ದಾಕ್ಷಾಯಿಣಿ ಕೇಳಿದಳು: “ನೀ ಏನಂತಿ?”

“ಹೂಂ ಅಂತೇನಿ ಬಿಡ ಯವ್ವಾ.”

“ಖರೇನ?”

“ನಾ ಒಲ್ಲೆ ಅಂದ್ರ ನಿನಗ ತವರು ತಪ್ಪತೈತಿ. ಇದು ಖರೇ ಮದುವಿ ಅಂತ ಅಲ್ಲಿಯ ಸರಕಾರಕ್ಕ ಬರದು ಕೊಡತೇನಿ. ಮೂರು ವರ್ಷ ಮಾಮಾನ ಅನ್ನ, ಅರಬಿ-ಬಟ್ಟಿ ಎಲ್ಲಾ ನನ್ನ ಮ್ಯಾಲ. ಅಂವ ಬಿಟ್ಟು ಹೋದ್ರೂ ನಾನ ಜವಾಬ್ದಾರ. ಆಮ್ಯಾಲ ಬ್ಯಾರೆ ಆದ್ರಾತು.”

“ಅಂವ ಬ್ಯಾರೆ ಆಗಾಕ ಒಲ್ಲೆ ಅಂದ್ರ?”

ಅರ್ಚನಾ ಸೀರೆಯನ್ನು ಹಗ್ಗದ ಮೇಲೆ ಹರವಿದಳು. “ನೀ ಬಾಳೇವು ಮಾಡಲಿಲ್ಲೇನು? ನಾನೂ ಮಾಡತೇನಿ.”

ಆ ಮಾತು ದಾಕ್ಷಾಯಿಣಿಯ ಎದೆಗೆ ನಾಟಿತು. ಇಷ್ಟು ಓದಿದ, ಕಡಲು ದಾಟಿದ ಮಗಳು ತನ್ನನ್ನು ನೋಡಿ ಕಲಿತದ್ದು ಇದೇ ಆಯಿತಲ್ಲ ಎನಿಸಿತು. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತ ನಿಂತಳು.

ರವಿವಾರ ತಾಯಿ-ಮಗಳು ಹೋದಾಗ ಕಲ್ಲೋಳಿಯ ಪಡಸಾಲೆಯಲ್ಲಿ ಹಿರಿಯರು ಕೂಡಿದ್ದರು. ನಡುವೆ ವಿಭೂತಿ ಧರಿಸಿ ಕೂತವನು ಅಣ್ಣಾಸಾಹೇಬ, ದಾಕ್ಷಾಯಿಣಿಯ ಕಾಕಾ. ಅವನ ಸೊಸೆ ಅನುರಾಧಾ ಎಲ್ಲರಿಗೂ ಚಹಾ ಕೊಟ್ಟು ಬಾಗಿಲ ಮರೆಗೆ ನಿಂತಳು.

“ಕಳ್ಳುಬಳ್ಳಿ ಸಂಬಂಧ ಅಂದ್ರ ಹಿಂಗ ಇರಬೇಕು,” ಅಂದ ಕಾಕಾ. “ಹುಡುಗಿ ಮನ್ಯಾಗ ಉಳಿದಂಗೂ ಆತು, ಹುಡುಗನ ಬಾಳೇವು ಹಸನಾದಂಗೂ ಆತು. ಏನಂತೀ ದಾಕ್ಷಾಯಿಣಿ?”

“ಇಕಿ ಬಾಳೇವು ಏನಾಕ್ಕೈತ್ರಿ ಕಾಕಾ?”

“ಇಕಿಗೇನಾಗೇತಿ? ಗಂಡ ಸಿಗತಾನ.”

“ಗಂಡ ಸಿಗತಾನ. ಕೂಸು ಭೀಮೇಶನಂಗಾದ್ರ?”

ಮುದಕವ್ವ ಸೆರಗು ಝಾಡಿಸಿದಳು. “ಅದು ಅವನ ಹಣೇಬರಾ. ಅದನ್ನ ಈಗ್ಯಾಕ ತೆಗಿತಿ?”

“ಹಣೇಬರಾ ಅಲ್ಲಬೇ, ನಮ್ಮ ಹಟಾ. ಆಮ್ಯಾಲ ಡಾಕ್ಟರ್ ಹೇಳಿದ್ರೂ ನಂಬಲಿಲ್ಲ. ಏಳು ವರ್ಷ ಅವನ್ನ ಸೊಂಟದ ಮ್ಯಾಲ ಹೊತ್ತೇನಿ. ನಿಮ್ಮೊಳಗ ಒಬ್ಬರೂ ಒಂದ ದಿನ ಹೊತ್ತಿಲ್ಲ. ನಮ್ಮ ಅರ್ಚನಾ ಹೊರೂದು ಬ್ಯಾಡ.”

ಬಾಳೇಶ ಎದ್ದು ನಿಂತ. “ಮಕ್ಕಳು ಬ್ಯಾಡಾದ್ರ ಬ್ಯಾಡ ಅಕ್ಕಾ! ನನಗ ಪಿ.ಆರ್. ಒಂದು ಆದ್ರ ಸಾಕು.”

ಆಡಿದ ಮೇಲೆ ಅವನಿಗೇ ನಾಚಿಕೆಯಾಗಿ ಕಣ್ಣು ತಗ್ಗಿದವು. ದಾಕ್ಷಾಯಿಣಿ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟಳು.

“ತಮ್ಮಾ, ಬ್ಯಾರೆ ದೇಶಕ್ಕ ಹೋಗಬೇಕು ಅನ್ನೂದು ತಪ್ಪಲ್ಲ. ಇಕಿ ಓದಿ ಹೋದಂಗ ನೀನೂ ಹೋಗು, ನಾ ಆರತಿ ಮಾಡಿ ಕಳಸತೇನಿ. ಆದ್ರ ಇಕಿ ಕೊಳ್ಳಾಗಿನ ತಾಳಿ ಹಿಡಕೊಂಡು ಹೋಗೂದು ಬ್ಯಾಡ.”

“ಹಂಗಾದ್ರ ಈ ಹೊಸ್ತಿಲಾ ಮತ್ತ ತುಳಿಬ್ಯಾಡ,” ಅಂದಳು ಮುದಕವ್ವ.

ದಾಕ್ಷಾಯಿಣಿ ಬಾಗಿ ತಾಯಿಯ ಕಾಲು ಮುಟ್ಟಿದಳು. ಅರ್ಚನಾ ಬಂದು ಅವಳ ತೋಳು ಹಿಡಿದಳು. ಇಬ್ಬರೂ ಬಿಸಿಲಲ್ಲಿ ನಡೆದು ಬಸ್‌ಸ್ಟ್ಯಾಂಡ್ ಮುಟ್ಟಿದರು. ಬಸ್ಸಿನಲ್ಲಿ ಕೂತ ಮೇಲೆ ಮಗಳು ತಾಯಿಯ ಹೆಗಲಿಗೆ ತಲೆಯಾನಿಸಿ ಅತ್ತಳು. ಎಷ್ಟೋ ದಿನದ ಭಾರ ಇಳಿದವರ ಅಳು ಅದು.

ಅರ್ಚನಾ ಕೆನಡಾಕ್ಕೆ ಹಿಂದಿರುಗಿದಳು. ನಾಗರಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ಕರೆಯಲು ಬಂದವರ ಜೊತೆ ತವರಿಗೆ ಹೊರಟರು. ಕಲ್ಲೋಳಿಯಿಂದ ಯಾರೂ ಬರಲಿಲ್ಲ. ದಾಕ್ಷಾಯಿಣಿ ಹಬ್ಬದ ಎಳ್ಳಿನ ಉಂಡಿ ಕಟ್ಟುತ್ತ ಒಬ್ಬಳೇ ಕೂತಿದ್ದಾಗ ಫೋನು ಬಂತು. ಕಾಕಾನ ಸೊಸೆ ಅನುರಾಧಾ, ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಅಕ್ಕಾರ, ನಮ್ಮ ಮಗಳನ್ನ ನನ್ನ ತಮ್ಮಗ ಕೇಳಾಕತ್ತಾರ್ರಿ. ಇನ್ನಾ ಕಾಲೇಜ ಮುಗಿದಿಲ್ಲ. ನಾಳೆ ಇಲ್ಲೇ ಮಾತುಕತಿ ಇಟ್ಟಾರ. ಅವತ್ತ ನೀವು ಅಷ್ಟು ಮಂದ್ಯಾಗ ಹೆಂಗ ಹೇಳಿದ್ರ್ಯೋ ಏನೋ! ನನಗ ಬಾಯೇ ಬರವಲ್ದು.”

“ನನಗೂ ಬರತಿರಲಿಲ್ಲ ತಂಗಿ. ಕೂಸಿನ ಹೆಸರು ಹೇಳಿದೆ, ಉಳಿದ ಮಾತು ತಾನ ಬಂತು.”

“ಮಾವನವರು ನನ್ನ ಮಾತು ಕೇಳೂದಿಲ್ರಿ.”

ದಾಕ್ಷಾಯಿಣಿ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗಿಟ್ಟಳು. “ಎಷ್ಟೊತ್ತಿಗೆ ಕೂಡತಾರ?” ಎಂದು ಕೇಳಿದಳು.

ಮರುದಿನ ಮುಂಜಾನೆ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಯಾರೂ ಕರೆಯದಿದ್ದರೂ ಅವಳು ಕಲ್ಲೋಳಿಯ ದಾರಿ ಹಿಡಿದಳು.