ವಿಮಾನಕ್ಕೆ ಕಟ್ಟಿದ ರೆಕ್ಕೆಗಳು

ಶಂಭುಲಿಂಗಪ್ಪ ಅಟ್ಟದ ಮೇಲೆ ನಿಂತು ಬಿದಿರು-ಬಟ್ಟೆಯ ರೆಕ್ಕೆಗಳನ್ನು ಒಂದೊಂದಾಗಿ ಕೆಳಗೆಸೆಯುತ್ತಿದ್ದ. ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದ ಹೆಂಡತಿ ಅನ್ನವ್ವನ ಹೆಣದ ಮುಂದೆ ಭಜನೆ ನಡೆದಿತ್ತು. ಅಂಗಳದಲ್ಲಿ ಮಡಿವಾಳೆಪ್ಪ ಹೆಣ ಹೊರುವ ವಿಮಾನ ಕಟ್ಟುತ್ತಿದ್ದ.

“ಬಣ್ಣದ ಹಾಳಿ ಸಾಲಂಗಿಲ್ಲ ಅಂದ್ಯಲ್ಲ, ತಗೋ. ಎಲ್ಲಾ ಹಚ್ಚು. ತಿರ್ಲಾಪುರದಾಗ ಇಂಥಾ ವಿಮಾನ ಯಾರೂ ನೋಡಿರಬಾರದು.”

“ಇಷ್ಟು ರೆಕ್ಕಿ ಹಚ್ಚಿದ್ರ ಮಂದಿ ಹೊರೂದು ಬ್ಯಾಡ್ರಿ ಸಾಹುಕಾರ್ರ, ತಾನ ಹಾರ್ತೈತಿ.”

ಕಟ್ಟೆಯ ಮೇಲೆ ಕೂತವರು ನಕ್ಕರು.

ಸೊಸೆ ಸುಶೀಲವ್ವ ಸೆರಗೆಳೆದುಕೊಂಡು ಏಣಿಯ ಬುಡಕ್ಕೆ ಬಂದಳು. “ಮಾವಾರ, ಒಂದ್ ಜೋಡಿ ನನಗಿರ್ಲಿರಿ. ಅತ್ತಿ ಕೈಲೆ ಮಾಡಿದ್ದು.”

“ಯಾಕ? ನೀನೂ ಹುಚ್ಚಿ ಆಗಬೇಕಂತೀಯೇನು?”

*

ಸುಶೀಲವ್ವ ಮದುವೆಯಾಗಿ ಬಂದ ವರ್ಷವೇ ಅನ್ನವ್ವನ ಚಿಕ್ಕ ಮಗಳು ಸಿಡುಬಿನಲ್ಲಿ ಹೋದಳು. ಅನ್ನವ್ವ ಮಾತು ಬಿಟ್ಟಳು. ಒಲೆಯ ಮುಂದೆ ಕೂತರೆ ರೊಟ್ಟಿ ಸೀದು ಕರಕಾದರೂ ಏಳುತ್ತಿರಲಿಲ್ಲ. ಶಾಲೆಯ ಅಕ್ಕೋರು ಬಂದು, “ಸಾಲಿ ವರ್ಷದ ಗ್ಯಾದರಿಂಗಿಗೆ ದೇವಕನ್ಯಾರ ನಾಟಕ ಐತ್ರಿ ಅವ್ವಾರ, ಹುಡಿಗ್ಯಾರಿಗೆ ರೆಕ್ಕಿ ಮಾಡಿಕೊಡ್ರಿ,” ಎಂದು ಬಿದಿರಿನ ಸೀಳು, ಹಳೆಯ ಧೋತರ ಮುಂದಿಟ್ಟು ಹೋದರು.

ಅನ್ನವ್ವ ಬಿದಿರನ್ನು ದೀಪಕ್ಕೆ ಹಿಡಿದು ಬಗ್ಗಿಸಿದಳು. ಬಟ್ಟೆಗೆ ಗಂಜಿ ಕುಡಿಸಿ, ಅಂಚಿಗೆ ಹೊಳೆಯುವ ಬೇಗಡೆ ಅಂಟಿಸಿದಳು. ಮೂರನೆಯ ಜೋಡಿಗೆ ಬಾಯಿಬಿಟ್ಟಳು. “ಸುಶೀಲಾ, ಸೊಟ್ಟ ಆತೇನ ಇದು?”

“ಅಗದಿ ಸೀದಾ ಐತ್ರಿ ಅತ್ತಿ,” ಎಂದಳು ಸುಶೀಲವ್ವ. ಸೊಟ್ಟಗೇ ಇತ್ತು.

ನಾಟಕ ಮುಗಿದರೆ ರೆಕ್ಕೆಗಳು ಮನೆಗೆ ಬರುತ್ತಿದ್ದವು. ಹರಿದದ್ದನ್ನು ಹೊಲಿಯುತ್ತ, ಹೊಸವನ್ನು ಕಟ್ಟುತ್ತ ಅನ್ನವ್ವ ವರ್ಷ ದೂಡುತ್ತಿದ್ದಳು. ಹೋದ ವರ್ಷ ಸಂತೆಯಲ್ಲಿ ಯಾರೋ, “ಸಾಹುಕಾರ್ರ ಹೆಂಡ್ತಿ ನಾಟಕದವರ ವೇಷಾ ಹೊಲೀತಾಳಂತ,” ಎಂದರು. ಶಂಭುಲಿಂಗಪ್ಪ ಎಲ್ಲವನ್ನೂ ಅಟ್ಟಕ್ಕೆ ತುಂಬಿ ಏಣಿ ತೆಗೆಸಿದ. ಅನ್ನವ್ವ ಜಗಳವಾಡಲಿಲ್ಲ. ಹಾಸಿಗೆ ಹಿಡಿದು, ಹೊದ್ದ ಕೌದಿಯ ದಾರ ಕೀಳುತ್ತ ಮಲಗಿದಳು. ಕೌದಿ ಚಿಂದಿಯಾಗುವ ಹೊತ್ತಿಗೆ ಮಾತು ಮತ್ತೆ ನಿಂತಿತ್ತು.

*

“ಹೆಂಡ್ತಿ ಮ್ಯಾಲೆ ಎಷ್ಟ್ ಜೀವ ನೋಡ್ರಿ!” ವಿಮಾನ ಹಾದುಹೋದ ಬಾಗಿಲುಗಳಲ್ಲೆಲ್ಲ ಇದೇ ಮಾತು. ಶಂಭುಲಿಂಗಪ್ಪ ಶಲ್ಯದಿಂದ ಕಣ್ಣೊರೆಸಿಕೊಂಡ.

ರುದ್ರಭೂಮಿಯಲ್ಲಿ ಹೆಣವನ್ನು ಕುಣಿಗಿಳಿಸಿ ಮಣ್ಣೆಳೆದು, ಖಾಲಿ ವಿಮಾನವನ್ನು ಜಾಲಿಗಿಡದ ಬುಡಕ್ಕೆ ಒರಗಿಸಿದರು. ಸುಶೀಲವ್ವ ಒಂದು ರೆಕ್ಕೆಗೆ ಕೈ ಹಾಕಿದಳು.

“ಬಿಡಬೇ!” ನೆರೆಮನೆಯ ರೇಣುಕವ್ವ ಕೈ ಹಿಡಿದಳು. “ಹೆಣದ ಜೋಡಿ ಬಂದದ್ದು ತಿರುಗಿ ಮನೀಗೆ ಒಯ್ಯಬಾರದು. ಮಕ್ಕಳ ತಾಯಿ ನೀನು.”

ಸುಶೀಲವ್ವ ಮಾವನತ್ತ ನೋಡಿದಳು.

“ನಡೀರಿ, ಹೋಗೂಣು,” ಎಂದ ಆತ.

ದಾರಿಯ ಏರಿನಲ್ಲಿ ಅವಳು ತಿರುಗಿ ನೋಡಿದಳು. ಮೇಯಲು ಬಂದ ಆಡುಗಳು ವಿಮಾನವನ್ನು ಸುತ್ತುವರಿದಿದ್ದವು. ಒಂದು ಹಿಂಗಾಲ ಮೇಲೆ ನಿಂತು, ಗಂಜಿ ಹಾಕಿದ ಬಟ್ಟೆಯನ್ನು ಎಳೆದೆಳೆದು ಅಗಿಯುತ್ತಿತ್ತು. ಬೇಗಡೆಯನ್ನು ಮಾತ್ರ ಉಗುಳುತ್ತಿತ್ತು.