ಎರಡು ಗೀಟು

"ಹ್ವಾಯ್, ಬಾಗ್ಲ್ ಸ್ವಲ್ಪ ಮುಂದ್ ಮಾಡ್."

ಸುಗುಣ ಕೂರುವ ಮೊದಲೇ ಹೇಳಿದಳು. ಬೈಂದೂರಿನ ಆ ಡಿಟಿಪಿ ಅಂಗಡಿಯಲ್ಲಿ ವನಜ ಏಳು ವರ್ಷದಿಂದ ಮದುವೆ ಕಾಗದ ಟೈಪು ಮಾಡುತ್ತಿದ್ದಳು. ಬಾಗಿಲು ಹಾಕಿಸಿದವರು ಯಾರೂ ಇರಲಿಲ್ಲ.

ಪರದೆಯ ಮೇಲೆ ಸುಗುಣಳ ಮಗಳು ಧನ್ಯಶ್ರೀಯ ಕಾಗದವಿತ್ತು. ನಿನ್ನೆ ಸುಗುಣಳ ಮೈದುನ ದುಗ್ಗಪ್ಪ ಬಂದು ನೋಡಿ ಒಪ್ಪಿ ಹೋಗಿದ್ದ.

"ಇವ್ರ್ ಹೆಸ್ರಿನ್ ಮುಂದೆ 'ದಿ' ಹಾಕ್. ತೀರ್ಹೋದರಿಗೆ ಎರಡ್ ಗೀಟ್ ಹಾಕ್ತ್ರಲೆ, ಅದೂ."

ವನಜಳ ಕೈ ಮೌಸಿನ ಮೇಲೆ ನಿಂತಿತು. ಮೀನಿನ ಬೋಟಿಗೆ ಹೋದ ಸುಗುಣಳ ಗಂಡ ಚಂದಯ್ಯ ಮರಳಿ ಬಾರದೆ ಮೂರು ವರ್ಷ. ಹೆಣ ಸಿಕ್ಕಿಲ್ಲ, ಉತ್ತರಕ್ರಿಯೆಯ ಬೊಜ್ಜ ಮಾಡಿಲ್ಲ. ಸುಗುಣಳ ಹಣೆಯಲ್ಲಿ ಈಗಲೂ ನಾಲ್ಕಾಣೆ ಅಗಲದ ಕುಂಕುಮ.

"ದುಗ್ಗಪ್ಪಣ್ಣ ಬ್ಯಾಡ ಅಂದಿರ್. ಅಣ್ಣ ಬದ್ಕಿದ, ಮದಿಗ್ ಮೊದ್ಲ್ ರತ್ನಾಗಿರಿ ಬದಿಗ್ ಹೋಯಿ ಹುಡ್ಕತೆ ಅಂದಿರ್."

"ಅದ್ಕೇ ಹಾಕ್ ಅಂಬುದ್."

ಪರಿಹಾರದ ಅರ್ಜಿಗೆ ಸಾಕ್ಷಿ ಬೇಕಾಯಿತೇ? ಇಲ್ಲ, ಬೇರೆ ಯಾವನಾದರೂ ಇದ್ದಾನೆಯೇ? ಕುಂಕುಮ ಇಟ್ಟುಕೊಂಡೇ ಗಂಡನನ್ನು ಸಾಯಿಸಲು ಬಂದವಳ ಕಣ್ಣಲ್ಲಿ ವನಜ ನೀರು ಹುಡುಕಿದಳು. ಇರಲಿಲ್ಲ.

"ಆ ಗೀಟ್ ಕೀಬೋರ್ಡಲ್ಲಿಲ್ಲ ಅಕ್ಕ."

"ಕಳ್ದ್ ತಿಂಗ್ಳ್ ನನ್ನತ್ತಿ ಬೊಜ್ಜದ್ ಕಾಗ್ದಕ್ಕೆ ನೀನೇ ಹಾಕಿದ್ದಿ. ಅವ್ರಿಗ್ ಇದ್ದದ್ ಇವ್ರಿಗಿಲ್ಯಾ?"

ವನಜ ಚಿಹ್ನೆಗಳ ಕಿಟಕಿ ತೆರೆದಳು. ಚೌಕ ಚೌಕವಾಗಿ ಗಂಟೆ, ಕತ್ತರಿ, ಟೆಲಿಫೋನು, ಬಾಣ. ಕೆಳಗಿನ ಸಾಲಿನಲ್ಲಿ ಆ ಗೀಟುಗಳು. ಬೇಕೆಂದೇ ಅದನ್ನು ದಾಟಿ ಹೋದಳು.

"ಇದ್ ಹಾಕ್ರೆ ಮದಿ ದಿನ ನೀವ್ ಆರ್ತಿ ತಟ್ಟಿ ಮುಟ್ಟುಕಾಗ. ಗೊತ್ತಿತ್ತಾ?"

"ಗೊತ್ತಿತ್."

ಫ್ಯಾನು ಕಿರುಗುಟ್ಟುತ್ತಿತ್ತು. ಸುಗುಣ ಮುಚ್ಚಿದ ಬಾಗಿಲನ್ನು ಮತ್ತೊಮ್ಮೆ ನೋಡಿ ದನಿ ತಗ್ಗಿಸಿದಳು.

"ನಮ್ ಬೋಟಿನ್ ಕೆಲ್ಸದ್ ಬಚ್ಚ ಇವ್ರನ್ ಕಂಡಿದ. ರತ್ನಾಗಿರಿ ಬಂದ್ರಲ್ಲಿ. ಸೊಂಟದ್ ಮೇಲ್ ಒಂದ್ ಮಗು ಇತ್ತಂಬ್ರ್, ಬದಿಯಲ್ ಒಂದ್ ಹೆಂಗ್ಸ್. ಊರಲ್ ಹೇಳ್ಬೇಡ ಅಂದ್ರಂಬ್ರ್."

ವನಜ ತಿರುಗಿ ಅವಳ ಹಣೆಯ ಕುಂಕುಮ ನೋಡಿದಳು.

"ಹುಡ್ಕುಕ್ ಹೋರೆ ಸಿಕ್ತ್ರ್, ವನಜಾ. ಸಿಕ್ರೆ ಗಂಡಿನ್ ಬದಿಯರ್ ಮದಿ ಬಿಟ್ಹಾಕ್ತ್ರ್. ಕಾಗ್ದ ಊರಿಗೆಲ್ಲ ಹಂಚಿ ಆದ್ ಮೇಲ್ ದುಗ್ಗಪ್ಪ ಎಂತ ಹುಡ್ಕುದ್?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪರದೆಯನ್ನೇ ನೋಡುತ್ತಿದ್ದಳು. ವನಜ ಮೌಸಿನ ಬಾಣವನ್ನು ಕೆಳಗಿನ ಸಾಲಿಗೆ ತಂದು ಒತ್ತಿದಳು.

ಚಂದಯ್ಯ ಎಂಬ ಹೆಸರು ತುಸು ಬಲಕ್ಕೆ ಸರಿದು, ಜಾಗ ಬಿಟ್ಟುಕೊಟ್ಟಿತು.